ಕಲಾ ಇತಿಹಾಸ ಓದಿದ ಮೇಲೆ ಮುಂದೇನು? ಪದೇ ಪದೇ ಕೇಳುವ ಪ್ರಶ್ನೆಗಳು

ಕಲಾ ಇತಿಹಾಸ ಓದುತ್ತಿರುವವರು, ಓದಿ ಮುಗಿಸಿ ಕೆಲಸ ಹುಡುಕುತ್ತಿರುವವರು ಮತ್ತು ಅವರ ಮನೆಯವರು ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಟ್ಟಿದ್ದೇವೆ. ಉದಾಹರಣೆಗಳು ಬಹುಪಾಲು ಕರ್ನಾಟಕದವು. ಕೆಲಸ ಬೇರೆ ಕಡೆ ಇದ್ದಲ್ಲಿ ಅದನ್ನೂ ಹೇಳಿದ್ದೇವೆ.

ಮಗಳು ಕಲಾ ಇತಿಹಾಸದಲ್ಲಿ ಎಂ.ವಿ.ಎ. (ದೃಶ್ಯಕಲೆಯ ಸ್ನಾತಕೋತ್ತರ ಪದವಿ) ಮಾಡುತ್ತೇನೆ ಅನ್ನುತ್ತಿದ್ದಾಳೆ. ಓದಿದ ಮೇಲೆ ಕೆಲಸ ಸಿಗುತ್ತದೆಯೇ?

ಸಿಗುತ್ತದೆ, ಆದರೆ ಕ್ಯಾಂಪಸ್ಸಿಗೆ ಬಂದು ಕರೆದುಕೊಂಡು ಹೋಗುವವರು ಯಾರೂ ಇಲ್ಲ. ಮ್ಯೂಸಿಯಂ ಎಂದರೆ ಕ್ಯುರೇಟರ್ (ಕೃತಿಗಳನ್ನು ಆರಿಸಿ ಪ್ರದರ್ಶನ ರೂಪಿಸುವವರು) ಎಂದೇ ಹಲವರು ತಿಳಿದಿರುತ್ತಾರೆ. ಕ್ಯುರೇಟರ್ ಹುದ್ದೆಗಳು ಬೆರಳೆಣಿಕೆಯಷ್ಟು. ಅವರ ಸುತ್ತ ಕೆಲಸ ಮಾಡುವವರೇ ಹೆಚ್ಚು: ಕಲಾಕೃತಿ ಒಳಗೆ ಬಂದಾಗ, ಹೊರಗೆ ಹೋದಾಗ ಅದರ ಕಾಗದಪತ್ರ ಮತ್ತು ವಿಮೆ ನೋಡಿಕೊಳ್ಳುವ ರಿಜಿಸ್ಟ್ರಾರ್, ಸಂಗ್ರಹವನ್ನು ಒಂದೊಂದಾಗಿ ದಾಖಲಿಸುವ ಕ್ಯಾಟಲಾಗರ್, ಶಾಲಾ ಮಕ್ಕಳಿಗೆ ಚಿತ್ರ ತೋರಿಸಿ ವಿವರಿಸುವ ಶಿಕ್ಷಣ ವಿಭಾಗದವರು, ಹಳೆಯ ಫೋಟೊ ಮತ್ತು ಪತ್ರಗಳನ್ನು ಜೋಡಿಸುವ ಆರ್ಕೈವಿಸ್ಟ್, ಪುಸ್ತಕ ಸಂಪಾದಿಸುವವರು. ಮೊದಲ ಕೆಲಸ ಸಾಮಾನ್ಯವಾಗಿ ಇವುಗಳಲ್ಲೇ ಒಂದಾಗಿರುತ್ತದೆ.

ಬೆಂಗಳೂರಿನಲ್ಲೇ ನೋಡಿದರೆ ಮಾಣಿಕ್ಯವೇಲು ಮ್ಯಾನ್ಶನ್ನಿನಲ್ಲಿ 2009ರಲ್ಲಿ ತೆರೆದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ಇದೆ. ಕಸ್ತೂರಬಾ ರಸ್ತೆಯಲ್ಲಿ 1865ರಲ್ಲಿ ಶುರುವಾದ ಸರ್ಕಾರಿ ವಸ್ತುಸಂಗ್ರಹಾಲಯ, ಅದರ ಪಕ್ಕದಲ್ಲೇ ವೆಂಕಟಪ್ಪ ಚಿತ್ರಶಾಲೆ, ಅದೇ ರಸ್ತೆಯಲ್ಲಿ 2023ರಲ್ಲಿ ತೆರೆದ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೊಗ್ರಫಿ ಇವೆ. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿಗೆ ತನ್ನದೇ ಗ್ಯಾಲರಿಗಳಿವೆ. ಖಾಸಗಿ ಗ್ಯಾಲರಿಗಳು, ಕಂಪನಿಗಳ ಸಂಗ್ರಹಗಳು, ಮನೆಯಲ್ಲಿ ನೂರಾರು ಚಿತ್ರ ಇಟ್ಟುಕೊಂಡಿರುವ ಖಾಸಗಿ ಸಂಗ್ರಾಹಕರು ಬೇರೆ. ಈ ಕೊನೆಯವರು ಜಾಹೀರಾತು ಕೊಡುವುದಿಲ್ಲ; ಗೊತ್ತಿದ್ದವರ ಮೂಲಕ ಜನ ಹುಡುಕುತ್ತಾರೆ. ಪಟ್ಟಿ ಮಾಡುವ ಕೆಲಸ ಅವರಲ್ಲೇ ರಾಶಿ ಬಿದ್ದಿರುತ್ತದೆ.

ಪದವಿ ನೋಡಿ ಮಾತ್ರ ಯಾರೂ ಕೆಲಸ ಕೊಡುವುದಿಲ್ಲ. ಒಂದು ಚಿತ್ರ ಕೈಗೆ ಕೊಟ್ಟರೆ ಸರಿಯಾಗಿ ನೋಡಿ, ಸರಿಯಾಗಿ ಬರೆದು, ಹಾಳು ಮಾಡದೆ ವಾಪಸ್ ಇಡುತ್ತಾರೆ ಎಂಬ ನಂಬಿಕೆ ಹುಟ್ಟಬೇಕು. ಮುಂದಿನ ಉತ್ತರಗಳಲ್ಲಿ ಹೆಚ್ಚಿನವು ಆ ನಂಬಿಕೆ ಹುಟ್ಟಿಸುವುದು ಹೇಗೆ ಎಂಬುದರ ಬಗ್ಗೆಯೇ ಇವೆ.

ಎಲ್ಲಿ ಓದಬೇಕು?

ರಾಜ್ಯದೊಳಗೆ ಚಿತ್ರಕಲಾ ಪರಿಷತ್ತಿನ ಕಾಲೇಜಿನಲ್ಲಿ ಕಲಾ ಇತಿಹಾಸಕ್ಕೆ ಪ್ರತ್ಯೇಕ ಸ್ನಾತಕೋತ್ತರ ವಿಭಾಗವಿದೆ. ಹಂಪಿ ಕನ್ನಡ ವಿಶ್ವವಿದ್ಯಾಲಯ ಮತ್ತು ಗುಲ್ಬರ್ಗ ವಿಶ್ವವಿದ್ಯಾಲಯಗಳಲ್ಲಿ ದೃಶ್ಯಕಲಾ ವಿಭಾಗಗಳಿವೆ. ಹೊರಗೆ ಹೋಗುವುದಾದರೆ ಬರೋಡದ ಎಂ.ಎಸ್. ವಿಶ್ವವಿದ್ಯಾಲಯ, ಶಾಂತಿನಿಕೇತನದ ಕಲಾಭವನ, ದಿಲ್ಲಿಯ ಜೆ.ಎನ್.ಯು., ನೊಯಿಡಾದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹೆರಿಟೇಜ್ ಇವೆ. ಮ್ಯೂಸಿಯಂ ಕೆಲಸವೇ ಬೇಕು ಅನ್ನುವವರಿಗೆ ಬರೋಡದಲ್ಲಿ ಮ್ಯೂಸಿಯಾಲಜಿಗೇ ಪ್ರತ್ಯೇಕ ವಿಭಾಗವಿದೆ.

ಸೇರುವ ಮುನ್ನ ಮೂರು ವಿಷಯ ಕೇಳಿ ತಿಳಿದುಕೊಳ್ಳಿ. ಬೇರೆ ವಿಷಯದಲ್ಲಿ ಪದವಿ ಪಡೆದವರನ್ನು ತೆಗೆದುಕೊಳ್ಳುತ್ತಾರೆಯೇ? ಪ್ರಬಂಧವನ್ನು ಕನ್ನಡದಲ್ಲಿ ಬರೆಯಬಹುದೇ? ವಿದ್ಯಾರ್ಥಿಗಳಿಗೆ ಮೂಲ ಕೃತಿಗಳ ಹತ್ತಿರ ಕೂತು ಕೆಲಸ ಮಾಡುವ ಅವಕಾಶ ಇದೆಯೇ? ಮೂರನೆಯದೇ ಮುಖ್ಯ. ಎರಡು ವರ್ಷ ಪ್ರೊಜೆಕ್ಟರಿನಲ್ಲಿ ಮಾತ್ರ ಚಿತ್ರ ನೋಡಿ ಬಂದವರಿಗೆ ಕಾಗದದ ದಪ್ಪ, ಬಣ್ಣದ ಪದರ, ಚೌಕಟ್ಟಿನ ಹಿಂಭಾಗ ಯಾವುದೂ ಗೊತ್ತಿರುವುದಿಲ್ಲ.

ನನಗೆ ಚಿತ್ರ ಬಿಡಿಸಲು ಬರುವುದಿಲ್ಲ. ತೊಂದರೆಯೇ?

ಇಲ್ಲ. ಆದರೆ ಎಣ್ಣೆಬಣ್ಣ ಮತ್ತು ಅಕ್ರಿಲಿಕ್, ಲಿಥೊಗ್ರಾಫ್ (ಕಲ್ಲಚ್ಚು) ಮತ್ತು ಆಫ್‌ಸೆಟ್ ಮುದ್ರಣ, ಎರಕ ಹೊಯ್ದ ಕಂಚು ಮತ್ತು ಬಣ್ಣ ಬಳಿದ ಫೈಬರ್‌ಗ್ಲಾಸ್ ಇವುಗಳ ವ್ಯತ್ಯಾಸ ಕಣ್ಣಿಗೆ ಗೊತ್ತಾಗಬೇಕು. ಮುದ್ರಣ ಗುರುತಿಸಲು ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್ ಸಾಕು: ಆಫ್‌ಸೆಟ್ಟಿನಲ್ಲಿ ಸಾಲಾಗಿ ಜೋಡಿಸಿದ ಬಣ್ಣದ ಚುಕ್ಕಿಗಳು ಕಾಣುತ್ತವೆ, ಲಿಥೊಗ್ರಾಫಿನಲ್ಲಿ ಕಲ್ಲಿನ ಮೇಲ್ಮೈಯ ಅಂಕುಡೊಂಕು ಕಣಗಳು ಕಾಣುತ್ತವೆ. ಲಿಥೊಗ್ರಾಫ್ ಅಚ್ಚು ಹಾಕುತ್ತಿದ್ದ ರವಿವರ್ಮನ ಪ್ರೆಸ್ಸಿನದು ಎಂದು ಮಾರುವ ಎಷ್ಟೋ ಹಾಳೆಗಳು ಈ ಒಂದು ಪರೀಕ್ಷೆಯಲ್ಲೇ ಬಿದ್ದುಹೋಗುತ್ತವೆ.

ಕೆಲಸ ಕೇಳಲು ಹೋದಾಗ ಅಂಕಪಟ್ಟಿ ಬಿಟ್ಟು ಏನು ತೋರಿಸಬೇಕು?

ಹದಿನೈದು–ಇಪ್ಪತ್ತು ಪುಟದ ಒಂದೇ ಪಿಡಿಎಫ್ ಮಾಡಿಕೊಳ್ಳಿ. ಮೇಲ್‌ನಲ್ಲಿ ಹೋಗುವಂತೆ 10 ಎಂ.ಬಿ. ಒಳಗಿರಲಿ. ಅದರಲ್ಲಿ ಹತ್ತು ಕೃತಿಗಳ ಕ್ಯಾಟಲಾಗ್ ನಮೂದು, ಎರಡು ಕಂಡಿಷನ್ ರಿಪೋರ್ಟ್ (ಕೃತಿಯ ಸ್ಥಿತಿಯ ವರದಿ), ಸುಮಾರು 800 ಪದಗಳ ಒಂದು ಪ್ರದರ್ಶನ ವಿಮರ್ಶೆ, ಎರಡು ಪುಟದ ಒಂದು ಪ್ರದರ್ಶನ ಯೋಜನೆ (ನೆಲದ ನಕ್ಷೆ ಸಮೇತ) ಇರಲಿ. ಪ್ರಬಂಧದ 120 ಪುಟ ಕಳಿಸಬೇಡಿ, ಓದುವುದಿಲ್ಲ. ಬೇಕಿದ್ದರೆ ಅದರ ಸಾರಾಂಶ ಅರ್ಧ ಪುಟ ಸೇರಿಸಿ.

ಬರೆಯಲು ಕೃತಿಗಳು ಎಲ್ಲಿ ಸಿಗುತ್ತವೆ ಅಂದರೆ, ನಿಮ್ಮ ಕಾಲೇಜಿನ ಗೋಡೆಗಳ ಮೇಲೇ ಇವೆ. ನೆಂಟರ ಮನೆಯ ದೇವರ ಪಟ, ಊರಿನ ಮಠದ ಹಳೆಯ ಚಿತ್ರ, ಮೈಸೂರಿನ ಜಗನ್ಮೋಹನ ಅರಮನೆಯ ಗ್ಯಾಲರಿಯಲ್ಲಿ ನೋಡಿದ ಕೃತಿ ಯಾವುದಾದರೂ ಆಗಬಹುದು. ಕೃತಿ ಎಷ್ಟು ಪ್ರಸಿದ್ಧ ಎಂಬುದನ್ನು ಯಾರೂ ನೋಡುವುದಿಲ್ಲ. ನೀವು ಎಷ್ಟು ನೋಡಿದಿರಿ ಎಂಬುದನ್ನು ನೋಡುತ್ತಾರೆ.

ಕ್ಯಾಟಲಾಗ್ ನಮೂದು ಬರೆಯುವುದು ಹೇಗೆ?

ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಮನೆಯೊಂದರಲ್ಲಿ ಮೈಸೂರು ಸಂಪ್ರದಾಯದ ಶ್ರೀರಾಮ ಪಟ್ಟಾಭಿಷೇಕದ ಚಿತ್ರ ಸಿಕ್ಕಿತು ಅನ್ನಿ. ನಮೂದು ಹೀಗೆ ಶುರುವಾಗುತ್ತದೆ:

ಕಲಾವಿದ: ತಿಳಿದಿಲ್ಲ, ಮೈಸೂರು ಸಂಪ್ರದಾಯ
ಹೆಸರು: ಶ್ರೀರಾಮ ಪಟ್ಟಾಭಿಷೇಕ (ವಸ್ತುವನ್ನು ನೋಡಿ ಕೊಟ್ಟ ಹೆಸರು)
ಕಾಲ: ಸುಮಾರು 19ನೇ ಶತಮಾನದ ಕೊನೆಯ ಭಾಗ
ಮಾಧ್ಯಮ: ಮರದ ಹಲಗೆಗೆ ಅಂಟಿಸಿದ ಕಾಗದದ ಮೇಲೆ ಜಲವರ್ಣ, ಗೆಸ್ಸೊ ಮತ್ತು ಚಿನ್ನದ ರೇಕು
ಅಳತೆ: 62 × 47 ಸೆಂ.ಮೀ. (ಚೌಕಟ್ಟು ಬಿಟ್ಟು)
ಬರಹ: ಕೆಳಗಿನ ಅಂಚಿನಲ್ಲಿ ಕನ್ನಡ ಲಿಪಿ, ಒಂದು ಸಾಲು
ಒಡೆತನ: ಯಾರಿಂದ ಯಾರಿಗೆ, ಯಾವಾಗ

ಅಳತೆಯಲ್ಲಿ ಎತ್ತರ ಮೊದಲು, ಅಗಲ ಆಮೇಲೆ, ಶಿಲ್ಪವಾದರೆ ಕೊನೆಗೆ ಆಳ. ಇದನ್ನು ಅದಲುಬದಲು ಮಾಡಿದರೆ ಪ್ಯಾಕಿಂಗ್ ಪೆಟ್ಟಿಗೆ ತಪ್ಪಾಗುತ್ತದೆ, ಗೋಡೆಯ ಲೆಕ್ಕವೂ ತಪ್ಪುತ್ತದೆ. ಹಳೆಯ ಚಿತ್ರಗಳ ಅಂಚು ನೇರವಾಗಿರುವುದಿಲ್ಲವಾದ್ದರಿಂದ ಎರಡೂ ಬದಿ ಅಳೆದು ದೊಡ್ಡದನ್ನು ಬರೆಯಿರಿ.

ಮುಂದೆ ವಿವರಣೆ. ‘ಸುಂದರ’, ‘ಅದ್ಭುತ’ ಇವೆಲ್ಲ ಬೇಡ. ಗೆಸ್ಸೊ (ಉಬ್ಬು ಕುಸುರಿಗೆ ಬಳಸುವ ಗಟ್ಟಿ ಲೇಪ) ಉಬ್ಬು ಎಷ್ಟಿದೆ ನೋಡಿ: ಮೈಸೂರಿನ ಕೆಲಸದಲ್ಲಿ ಉಬ್ಬು ತೆಳ್ಳಗಿದ್ದು ಒಡವೆ, ಸಿಂಹಾಸನ, ಕಮಾನಿನ ಕುಸುರಿಗೆ ಸೀಮಿತವಾಗಿರುತ್ತದೆ, ತಂಜಾವೂರಿನದರಲ್ಲಿ ಉಬ್ಬು ದಪ್ಪ, ನಡುವೆ ಗಾಜಿನ ಹರಳು ಕೂರಿಸಿರುತ್ತಾರೆ. ಟಾರ್ಚನ್ನು ಚಿತ್ರದ ಬದಿಯಿಂದ, ಮೇಲ್ಮೈಗೆ ಸವರಿದಂತೆ ಹಿಡಿದರೆ ಈ ಉಬ್ಬು ಸ್ಪಷ್ಟವಾಗಿ ಕಾಣುತ್ತದೆ. ಆಮೇಲೆ ಚಿತ್ರವನ್ನು ತಿರುಗಿಸಿ. ಹಿಂಭಾಗ ನೋಡದೆ ಬರೆದ ನಮೂದು ಅರ್ಧ ನಮೂದು. ಚೌಕಟ್ಟು ಕಟ್ಟಿದ ಅಂಗಡಿಯ ಚೀಟಿ ಇದ್ದರೆ ವಿಳಾಸ, ಬೀದಿಯ ಹಳೆಯ ಹೆಸರು, ಫೋನ್ ನಂಬರಿನಲ್ಲಿ ಎಷ್ಟು ಅಂಕಿ ಇದೆ ಎಲ್ಲವನ್ನೂ ದಾಖಲಿಸಿ. ಚೌಕಟ್ಟು ಯಾವ ಕಾಲದ್ದು ಎಂಬುದಕ್ಕೆ ಅದು ಸುಳಿವು. ಚಿತ್ರ ಚೌಕಟ್ಟಿಗಿಂತ ಹಳೆಯದಾಗಿರಬಹುದು ಎಂಬುದನ್ನೂ ಮರೆಯಬೇಡಿ. ಚೀಟಿಯನ್ನು ಕೀಳಬೇಡಿ.

ಸಂಗ್ರಹ ಸಂಖ್ಯೆಯನ್ನು ಮೂರು ಭಾಗದಲ್ಲಿ ಬರೆಯುವ ಪದ್ಧತಿ ಹೆಚ್ಚಿನ ಕಡೆ ಇದೆ. 2024.15.3 ಎಂದರೆ 2024ರಲ್ಲಿ ಬಂದ ಹದಿನೈದನೇ ಕಂತಿನ ಮೂರನೇ ವಸ್ತು. ಕಾಗದದ ಕೃತಿಯ ಹಿಂದೆ ಮೆತ್ತನೆಯ 2ಬಿ ಪೆನ್ಸಿಲಿನಲ್ಲಿ, ಮೂಲೆಯಲ್ಲಿ ಬರೆಯಬೇಕು. ಕಲ್ಲು, ಲೋಹದ ಮೇಲೆ ನೇರವಾಗಿ ಬರೆಯುವಂತಿಲ್ಲ: ಪ್ಯಾರಲಾಯ್ಡ್ ಬಿ-72 ಎಂಬ ರಾಳದ ಪದರ ಬಳಿದು, ಒಣಗಿದ ಮೇಲೆ ಅದರ ಮೇಲೆ ಸಂಖ್ಯೆ ಬರೆದು, ಮತ್ತೊಂದು ಪದರ ಬಳಿಯುತ್ತಾರೆ. ಮುಂದೆ ಬೇಕೆಂದರೆ ಅಸಿಟೋನಿನಿಂದ ತೆಗೆಯಬಹುದು.

ಕಂಡಿಷನ್ ರಿಪೋರ್ಟಿನಲ್ಲಿ ಹೊಸಬರು ಎಲ್ಲಿ ಎಡವುತ್ತಾರೆ?

‘ಸ್ಥಿತಿ ಚೆನ್ನಾಗಿದೆ’ ಎಂದು ಬರೆದು ಮುಗಿಸುವುದರಲ್ಲಿ. ಕೃತಿ ಎರವಲು ಹೋಗಿ ವಾಪಸ್ ಬಂದಾಗ ಬಿರುಕು ಕಂಡರೆ, ಅದು ಮೊದಲೇ ಇತ್ತೋ ದಾರಿಯಲ್ಲಿ ಆಯಿತೋ ಎಂದು ತೀರ್ಮಾನಿಸುವುದು ಈ ಹಾಳೆಯಿಂದಲೇ. ವಿಮೆ ಕಂಪನಿಯವರು ಕೇಳುವುದೂ ಇದನ್ನೇ.

ಜಾಗ ಮತ್ತು ಅಳತೆ ಬರೆಯಿರಿ: ‘ಎಡ ಮೇಲ್ಮೂಲೆಯಿಂದ ಕೆಳಕ್ಕೆ 12 ಸೆಂ.ಮೀ., ಬಲಕ್ಕೆ 5 ಸೆಂ.ಮೀ. ದೂರದಲ್ಲಿ 3 ಸೆಂ.ಮೀ. ಉದ್ದದ ಅಡ್ಡ ಬಿರುಕು, ಬಣ್ಣ ಎದ್ದಿಲ್ಲ.’ ಎದ್ದ ಬಣ್ಣ, ಉದುರಿದ ಬಣ್ಣ, ಕಂದು ಚುಕ್ಕೆ, ಬೂಷ್ಟು, ಬೆಳ್ಳಿಹುಳ ತಿಂದ ಗುರುತು, ನೀರಿನ ಕಲೆ ಇವನ್ನು ಬೇರೆ ಬೇರೆಯಾಗಿ ಗುರುತಿಸಿ. ಫೋಟೊ ಪ್ರಿಂಟಿನ ಮೇಲೆ ಪಾರದರ್ಶಕ ಹಾಳೆ ಇಟ್ಟು ಬಣ್ಣದ ಗೆರೆಯಲ್ಲಿ ತೋರಿಸಿದರೆ ಇನ್ನೂ ಒಳ್ಳೆಯದು. ಕೃತಿಯ ಹತ್ತಿರ ಪೆನ್ನು ತರಬಾರದು, ಪೆನ್ಸಿಲ್ ಮಾತ್ರ. ಲೋಹ ಮುಟ್ಟುವಾಗ ನೈಟ್ರೈಲ್ ಕೈಗವಸು ಬೇಕೇ ಬೇಕು. ತೆಳು ಕಾಗದಕ್ಕೆ ಚೆನ್ನಾಗಿ ತೊಳೆದು ಒರೆಸಿದ ಬರಿಗೈಯೇ ಮೇಲು, ಕೈಗವಸು ಹಾಕಿದರೆ ಹಿಡಿತ ಗೊತ್ತಾಗದೆ ಹಾಳೆ ಹರಿಯುತ್ತದೆ.

ಕ್ಯುರೇಟರ್ ಆಗಬೇಕು. ಎಲ್ಲಿಂದ ಶುರು ಮಾಡಲಿ?

ಒಂದು ಕೋಣೆಯಿಂದ. ಕಾಲೇಜಿನ ಕಾರಿಡಾರ್, ಗ್ರಂಥಾಲಯದ ಹಜಾರ, ಊರಿನ ರಂಗಮಂದಿರದ ಮೊಗಸಾಲೆ ಯಾವುದಾದರೂ ಸಾಕು. ವಿಷಯವನ್ನು ಒಂದು ವಾಕ್ಯದಲ್ಲಿ ಹೇಳಲು ಬರದಿದ್ದರೆ ಇನ್ನೂ ಕೃತಿ ಆರಿಸಬೇಡಿ.

ಆಮೇಲಿನದು ಲೆಕ್ಕ. 12 ಮೀಟರ್ ಗೋಡೆಗೆ 60 ಸೆಂ.ಮೀ. ಅಗಲದ ಹನ್ನೆರಡು ಚಿತ್ರ ಹಾಕಿದರೆ ಚಿತ್ರಗಳೇ 7.2 ಮೀಟರ್ ತಿನ್ನುತ್ತವೆ. ಉಳಿದ 4.8 ಮೀಟರನ್ನು ಎರಡು ತುದಿ ಸೇರಿ ಹದಿಮೂರು ಖಾಲಿ ಜಾಗಕ್ಕೆ ಹಂಚಿದರೆ ತಲಾ 37 ಸೆಂ.ಮೀ. ಬರುತ್ತದೆ, ಲೇಬಲ್ ಹಾಕಿದ ಮೇಲೆ ಇಕ್ಕಟ್ಟು. ಒಂಬತ್ತಕ್ಕೆ ಇಳಿಸಿದರೆ ತಲಾ 66 ಸೆಂ.ಮೀ. ಸಿಗುತ್ತದೆ, ನೋಡುವವರಿಗೆ ಉಸಿರಾಡಲು ಜಾಗವಿರುತ್ತದೆ. ಹೊಸಬರ ಪ್ರದರ್ಶನಗಳಲ್ಲಿ ಎದ್ದು ಕಾಣುವ ದೋಷ ಕೃತಿಗಳ ಸಂಖ್ಯೆ ಜಾಸ್ತಿ ಆಗುವುದೇ.

ಚಿತ್ರದ ನಡುಭಾಗ ನೆಲದಿಂದ 145ರಿಂದ 150 ಸೆಂ.ಮೀ. ಎತ್ತರದಲ್ಲಿರಲಿ. ಮೊಳೆ ಹೊಡೆಯುವ ಎತ್ತರ ಹೀಗೆ: ನಡುಭಾಗದ ಎತ್ತರಕ್ಕೆ ಚೌಕಟ್ಟಿನ ಅರ್ಧ ಎತ್ತರ ಕೂಡಿಸಿ, ಹಿಂದಿನ ತಂತಿಯನ್ನು ಎಳೆದು ಹಿಡಿದಾಗ ಚೌಕಟ್ಟಿನ ಮೇಲಂಚಿಗೂ ತಂತಿಗೂ ಇರುವ ಅಂತರ ಕಳೆಯಿರಿ. 70 ಸೆಂ.ಮೀ. ಎತ್ತರದ ಚೌಕಟ್ಟು, 8 ಸೆಂ.ಮೀ. ಅಂತರ ಇದ್ದರೆ 148 + 35 − 8 = 175 ಸೆಂ.ಮೀ.

ಲೇಬಲ್ ಬರಹ 60–80 ಪದ ಮೀರಬಾರದು, ಅಕ್ಷರ 18 ಪಾಯಿಂಟಿಗಿಂತ ಚಿಕ್ಕದಾಗಬಾರದು. ಕನ್ನಡಕ್ಕೆ ಸಾಲಿನ ನಡುವಣ ಜಾಗ ಇಂಗ್ಲಿಷಿಗಿಂತ ಹೆಚ್ಚು ಬೇಕು, ಇಲ್ಲದಿದ್ದರೆ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಗಲುತ್ತದೆ. ಇನ್ನೊಂದು ಮುಖ್ಯ ಸಂಗತಿ: ಯೂನಿಕೋಡ್ ಕನ್ನಡವನ್ನು ಡಿಸೈನರ್ ತಮ್ಮ ಸಾಫ್ಟ್‌ವೇರಿಗೆ ಅಂಟಿಸಿದಾಗ ಒತ್ತು, ಅರ್ಕಾವತ್ತು ಒಡೆದು ಹೋಗುವುದುಂಟು. ಭಾರತೀಯ ಲಿಪಿಗಳ ಸೆಟ್ಟಿಂಗ್ ಆನ್ ಮಾಡಿರುವುದಿಲ್ಲ. ಅವರಿಗೆ ಕನ್ನಡ ಬರದಿದ್ದರೆ ಗೊತ್ತೂ ಆಗುವುದಿಲ್ಲ. ಮುದ್ರಣಕ್ಕೆ ಹೋಗುವ ಕೊನೆಯ ಫೈಲನ್ನು ನೀವೇ ಅಕ್ಷರ ಅಕ್ಷರ ಓದಿ ಒಪ್ಪಿಗೆ ಕೊಡಿ.

ಎರವಲು ತಂದ ಕೃತಿಗೆ ಸಹಿ ಮಾಡಿದ ಪತ್ರ ಮತ್ತು ವಿಮೆ ಎರಡೂ ಬೇಕು. ವಿಮೆ ಗ್ಯಾಲರಿಯೊಳಗೆ ಮಾತ್ರ ಅನ್ವಯವಾಗುವಂತೆ ಮಾಡಿಸಿ ಕೈ ಸುಟ್ಟುಕೊಳ್ಳುವವರಿದ್ದಾರೆ. ಕೃತಿ ಮಾಲೀಕರ ಗೋಡೆಯಿಂದ ಇಳಿದ ಕ್ಷಣದಿಂದ ಮತ್ತೆ ಅದೇ ಗೋಡೆಗೆ ಏರುವವರೆಗೆ ವಿಮೆ ಇರಬೇಕು.

ಒಂದೆರಡು ಪ್ರದರ್ಶನ ಆದ ಮೇಲೆ ಕೊಚ್ಚಿ ಬಿನಾಲೆಯ ವಿದ್ಯಾರ್ಥಿ ವಿಭಾಗ, ಗೋವಾದ ಸೆರೆಂಡಿಪಿಟಿ ಉತ್ಸವ, ದಿಲ್ಲಿಯ ಇಂಡಿಯಾ ಆರ್ಟ್ ಫೇರ್ ಮುಂತಾದ ಕಡೆ ತಂಡದಲ್ಲಿ ಕೆಲಸ ಮಾಡುವ ಅವಕಾಶ ನೋಡಿ. ತೆರೆಯುವ ಹಿಂದಿನ ವಾರ ಕಲಿಯುವಷ್ಟು ಬೇರೆಲ್ಲೂ ಕಲಿಯಲಾಗದು.

ಗ್ಯಾಲರಿ ಅಥವಾ ಹರಾಜು ಮನೆ ಸೇರಿದರೆ ಏನೇನು ಗೊತ್ತಿರಬೇಕು?

ಸ್ಯಾಫ್ರನ್‌ಆರ್ಟ್, ಆಸ್ತಗುರು, ಪುಂಡೋಲ್ಸ್ ಎಂಬ ಹರಾಜು ಮನೆಗಳು ಮೂರೂ ಮುಂಬೈಯಲ್ಲಿವೆ. ಅಲ್ಲಿ ಹೊಸಬರಿಗೆ ಬರುವುದು ಕ್ಯಾಟಲಾಗಿಂಗ್ ಮತ್ತು ಸಂಶೋಧನೆ. ಗ್ಯಾಲರಿಯಲ್ಲಾದರೆ ಬೆಲೆಪಟ್ಟಿ, ಗ್ರಾಹಕರ ಪತ್ರವ್ಯವಹಾರ, ಸಾಗಣೆ ಎಲ್ಲವೂ ಬರುತ್ತದೆ. ಮಾರಾಟದ ಬಗ್ಗೆ ಮುಜುಗರ ಇರುವವರಿಗೆ ಈ ಕೆಲಸ ಹೊಂದುವುದಿಲ್ಲ.

ಕಾನೂನು ಗೊತ್ತಿರುವ ಕಲಾ ಇತಿಹಾಸಕಾರರಿಗೆ ಇಲ್ಲಿ ಬೆಲೆ ಇದೆ. 1972ರ ಪ್ರಾಚ್ಯವಸ್ತು ಮತ್ತು ಕಲಾ ಸಂಪತ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ, ಚಿತ್ರ ಮೊದಲಾದವು ಪ್ರಾಚ್ಯವಸ್ತು. ಹಸ್ತಪ್ರತಿಗೆ 75 ವರ್ಷ ಸಾಕು. ಇವನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ, ವ್ಯಾಪಾರ ಮಾಡಲು ಲೈಸೆನ್ಸ್ ಬೇಕು. ಇದಲ್ಲದೆ ಒಂಬತ್ತು ಕಲಾವಿದರ ಕೃತಿಗಳು, ನೂರು ವರ್ಷ ಆಗದಿದ್ದರೂ, ರಾಷ್ಟ್ರದ ಕಲಾ ಸಂಪತ್ತು: ರವಿವರ್ಮ, ರವೀಂದ್ರನಾಥ, ಅವನೀಂದ್ರನಾಥ ಮತ್ತು ಗಗನೇಂದ್ರನಾಥ ಟ್ಯಾಗೋರ್, ನಂದಲಾಲ್ ಬೋಸ್, ಜಾಮಿನಿ ರಾಯ್, ಅಮೃತಾ ಶೇರ್‌ಗಿಲ್, ಶೈಲೋಜ್ ಮುಖರ್ಜಿ, ನಿಕೊಲಸ್ ರೋರಿಕ್. ಬೆಂಗಳೂರಿನಲ್ಲಿ ಒಂದು ಗೊಂದಲ ಆಗಾಗ ಆಗುತ್ತದೆ. ತಾತಗುಣಿ ಎಸ್ಟೇಟಿನಲ್ಲಿ ಇದ್ದವರು ಮಗ ಸ್ವೆಟೊಸ್ಲಾವ್ ರೋರಿಕ್. ಪಟ್ಟಿಯಲ್ಲಿ ಇರುವವರು ತಂದೆ ನಿಕೊಲಸ್. ಸಹಿ ನೋಡದೆ ‘ರೋರಿಕ್’ ಎಂದಷ್ಟೇ ಬರೆದರೆ ರಫ್ತಿನ ಪ್ರಶ್ನೆಯೇ ತಲೆಕೆಳಗಾಗುತ್ತದೆ.

ಕೃತಿಸ್ವಾಮ್ಯ ಕಾಯ್ದೆಯ 53ಎ ಕಲಂ ಪ್ರಕಾರ ಚಿತ್ರ, ಶಿಲ್ಪದ ಮೂಲ ಪ್ರತಿ ಹತ್ತು ಸಾವಿರ ರೂಪಾಯಿಗಿಂತ ಹೆಚ್ಚಿಗೆ ಮರುಮಾರಾಟವಾದರೆ ಕೃತಿಯ ಮೊದಲ ಹಕ್ಕುದಾರನಾದ ಕಲಾವಿದನಿಗೆ ಅಥವಾ ವಾರಸುದಾರರಿಗೆ ಪಾಲು ಕೇಳುವ ಹಕ್ಕಿದೆ, ಗರಿಷ್ಠ ಶೇ. 10. ಇದು ಹೆಚ್ಚಿನ ಕಲಾವಿದರಿಗೇ ಗೊತ್ತಿಲ್ಲ. ಅವರ ಪರ ನಿಂತು ಹೇಳುವವರು ಬೇಕು.

ನಕಲಿ ಕೃತಿ, ಕದ್ದ ವಿಗ್ರಹ: ಇವುಗಳ ಸಂಶೋಧನೆಯೂ ಉದ್ಯೋಗವೇ?

ಹೌದು, ಮತ್ತು ಇದು ಬೆಳೆಯುತ್ತಿರುವ ಕೆಲಸ. 2008ರಲ್ಲಿ ಆಸ್ಟ್ರೇಲಿಯದ ರಾಷ್ಟ್ರೀಯ ಗ್ಯಾಲರಿ ಸುಮಾರು 50 ಲಕ್ಷ ಡಾಲರ್ ಕೊಟ್ಟು ಚೋಳರ ಕಾಲದ ನಟರಾಜನನ್ನು ಕೊಂಡಿತು. ಮಾರಿದವನು ನ್ಯೂಯಾರ್ಕಿನ ವ್ಯಾಪಾರಿ ಸುಭಾಷ್ ಕಪೂರ್. ವಿಗ್ರಹ ತಮಿಳುನಾಡಿನ ಶ್ರೀಪುರಂದಾನ್ ದೇವಸ್ಥಾನದ್ದು. ಅದನ್ನು ಸಾಬೀತು ಮಾಡಲು ನೆರವಾದದ್ದು ಪುದುಚೇರಿಯ ಫ್ರೆಂಚ್ ಸಂಸ್ಥೆಯವರು ದೇವಸ್ಥಾನದಲ್ಲೇ ತೆಗೆದಿಟ್ಟಿದ್ದ ಕಪ್ಪು–ಬಿಳುಪು ಫೋಟೊಗಳು. ಪ್ರಭಾವಳಿಯ ಜ್ವಾಲೆ, ಲೋಹದ ಕಲೆ, ಸವೆತಗಳನ್ನು ಒಂದೊಂದಾಗಿ ಹೋಲಿಸಿದರು. 2014ರಲ್ಲಿ ವಿಗ್ರಹ ಭಾರತಕ್ಕೆ ಮರಳಿತು. ದಶಕಗಳ ಹಿಂದೆ ಯಾರೋ ತಾಳ್ಮೆಯಿಂದ ಫೋಟೊ ತೆಗೆದು ಜೋಡಿಸಿ ಇಡದಿದ್ದರೆ ಅದು ಸಾಧ್ಯವೇ ಇರುತ್ತಿರಲಿಲ್ಲ. ನಮ್ಮ ಜೈನ ಬಸದಿಗಳ, ಗ್ರಾಮದೇವತೆಗಳ ಗುಡಿಗಳ ಎಷ್ಟು ವಿಗ್ರಹಗಳಿಗೆ ಅಂಥ ಫೋಟೊ ಇದೆ ಎಂದು ಯೋಚಿಸಿದರೆ ಕೆಲಸ ಎಷ್ಟು ಬಾಕಿ ಇದೆ ಎಂದು ತಿಳಿಯುತ್ತದೆ.

ಆಧುನಿಕ ಕಲೆಯಲ್ಲಿ ತೊಂದರೆ ಬೇರೆ ಬಗೆಯದು. 2011ರಲ್ಲಿ ಕೋಲ್ಕತ್ತದ ಸರ್ಕಾರಿ ಕಲಾ ಕಾಲೇಜಿನಲ್ಲಿ ರವೀಂದ್ರನಾಥರದೆಂದು ಪ್ರದರ್ಶಿಸಿದ ಚಿತ್ರಗಳು ನಕಲಿ ಎಂದು ತಜ್ಞರ ಸಮಿತಿ ಹೇಳಿತು. ಪ್ರತಿಷ್ಠಿತ ಜಾಗದಲ್ಲಿ ತೂಗಿದ ಮಾತ್ರಕ್ಕೆ ಅಸಲಿ ಆಗುವುದಿಲ್ಲ. ಒಡೆತನದ ಸರಪಳಿಯಲ್ಲಿ ಎಲ್ಲಿ ಕೊಂಡಿ ಬಿಟ್ಟುಹೋಗಿದೆ, ಹಳೆಯ ಪ್ರದರ್ಶನದ ಪಟ್ಟಿಯಲ್ಲಿ ಅಳತೆ ಹೊಂದುತ್ತದೆಯೇ, ಬಿಲ್ಲಿನ ಕಾಗದ ಆ ಕಾಲದ್ದೇ ಎಂಬುದನ್ನು ನೋಡಬೇಕು. ‘ಮನೆತನದಿಂದ ಬಂದದ್ದು’ ಎಂಬ ಒಂದೇ ಮಾತು ಪುರಾವೆಯಾಗದು.

ಸರ್ಕಾರಿ ಕೆಲಸ?

ಪುರಾತತ್ತ್ವ ಸರ್ವೇಕ್ಷಣಾ ಇಲಾಖೆಗೆ ಬೆಂಗಳೂರು, ಧಾರವಾಡ, ಹಂಪಿ ವಲಯಗಳಿವೆ. ಅದರ ಶಾಸನ ವಿಭಾಗದ ಕೇಂದ್ರ ಕಚೇರಿ ಮೈಸೂರಿನಲ್ಲಿದೆ. ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯೂ ಮೈಸೂರಿನಲ್ಲೇ. ಅರ್ಜಿ ಹಾಕುವಾಗ ಕೈಕೊಡುವುದು ವಿಷಯದ ಹೆಸರು. ಅಧಿಸೂಚನೆಯಲ್ಲಿ ಇತಿಹಾಸ, ಪುರಾತತ್ತ್ವ ಅಥವಾ ಮ್ಯೂಸಿಯಾಲಜಿ ಎಂದಿದ್ದು ನಿಮ್ಮ ಪ್ರಮಾಣಪತ್ರದಲ್ಲಿ ‘ದೃಶ್ಯಕಲೆ’ ಎಂದಿದ್ದರೆ ಪರಿಶೀಲನೆಯಲ್ಲೇ ಅರ್ಜಿ ತಿರಸ್ಕೃತವಾಗಬಹುದು. ಸರ್ಕಾರಿ ಕೆಲಸವೇ ಗುರಿ ಎಂದಾದರೆ ಸ್ನಾತಕೋತ್ತರಕ್ಕೆ ಸೇರುವ ಮೊದಲೇ ಹಳೆಯ ಅಧಿಸೂಚನೆಗಳನ್ನು ತೆಗೆದು ಅರ್ಹತೆಯ ಸಾಲನ್ನು ಓದಿ. ಕನ್ನಡ ಸಾಹಿತ್ಯ ಪರಿಷತ್ತಿನ ಶಾಸನಶಾಸ್ತ್ರ ಡಿಪ್ಲೊಮಾದಂಥ ಕೋರ್ಸು ಜೊತೆಗಿದ್ದರೆ ಅನುಕೂಲ.

ಕಾಲೇಜಿನಲ್ಲಿ ಪಾಠ ಮಾಡಲು ಏನು ಬೇಕು?

ಸ್ನಾತಕೋತ್ತರದಲ್ಲಿ ಶೇ. 55 ಅಂಕ (ಮೀಸಲು ವರ್ಗಗಳಿಗೆ ಶೇ. 5 ರಿಯಾಯಿತಿ), ಜೊತೆಗೆ ಎನ್.ಇ.ಟಿ. (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಅಥವಾ ರಾಜ್ಯದ ಕೆ-ಸೆಟ್, ಇಲ್ಲವೇ ಪಿಎಚ್.ಡಿ. ಎನ್.ಇ.ಟಿ.ಯಲ್ಲಿ ವಿಷಯ ಸಂಕೇತ 79, ದೃಶ್ಯಕಲೆ. ಮ್ಯೂಸಿಯಾಲಜಿ ಓದಿದವರಿಗೆ 66. ಮೊದಲ ಪತ್ರಿಕೆ 50 ಪ್ರಶ್ನೆ, ಎರಡನೆಯದು 100, ಒಟ್ಟು ಮೂರು ಗಂಟೆ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಹಾಗಾಗಿ ಒಂದನ್ನೂ ಬಿಡಬೇಡಿ. ಕಲಾ ಇತಿಹಾಸದವರು ಬೀಳುವುದು ಸಾಮಾನ್ಯವಾಗಿ ಮೊದಲ ಪತ್ರಿಕೆಯಲ್ಲಿ, ಅಂಕಿಅಂಶ ಮತ್ತು ತರ್ಕದ ಪ್ರಶ್ನೆಗಳಲ್ಲಿ. ಜೆ.ಆರ್.ಎಫ್. (ಇದೇ ಎನ್.ಇ.ಟಿ.ಯಿಂದ ಸಿಗುವ ಸಂಶೋಧನಾ ಫೆಲೋಶಿಪ್) ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ.

ಸಂರಕ್ಷಣೆಯ ಕಡೆ ಹೋಗಬಹುದೇ?

ರಸಾಯನಶಾಸ್ತ್ರದ ಭಯ ಇಲ್ಲದಿದ್ದರೆ ಖಂಡಿತ. ಚಿತ್ರಕಲಾ ಪರಿಷತ್ತಿನ ಆವರಣದಲ್ಲಿ ಇಂಟ್ಯಾಕ್ (ಪರಂಪರೆ ಉಳಿಸುವ ರಾಷ್ಟ್ರೀಯ ಸಂಸ್ಥೆ) ಜೊತೆಗಿನ ಸಂರಕ್ಷಣಾ ಕೇಂದ್ರವಿದೆ, ಮೈಸೂರಿನಲ್ಲಿ ಲಖನೌದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಘಟಕವಿದೆ. ಸಂರಕ್ಷಕರಾಗದಿದ್ದರೂ ಮೂಲ ಅಂಕಿಗಳು ತಿಳಿದಿರಲಿ: ಕಾಗದ, ಬಟ್ಟೆ, ಜಲವರ್ಣಕ್ಕೆ ಬೆಳಕು 50 ಲಕ್ಸ್, ಎಣ್ಣೆಚಿತ್ರಕ್ಕೆ 200 ಲಕ್ಸ್, ತೇವಾಂಶ ಶೇ. 50ರ ಆಸುಪಾಸು. ತೇವಾಂಶದ ಮಟ್ಟಕ್ಕಿಂತ ಅದರ ಏರಿಳಿತವೇ ಹೆಚ್ಚು ಕೆಡುಕು. ಮಂಗಳೂರಿನ ಮಳೆಗಾಲದಲ್ಲಿ ಹಗಲು ಎ.ಸಿ. ಹಾಕಿ ರಾತ್ರಿ ಆರಿಸುವ ಕೋಣೆಯಲ್ಲಿ ಬೂಷ್ಟು ಬರುವುದು ಇದರಿಂದಲೇ.

ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ಈ ಕ್ಷೇತ್ರದಲ್ಲಿ ನಿಲ್ಲಬಹುದೇ?

ಗ್ಯಾಲರಿ ಮತ್ತು ಹರಾಜಿನ ಲೋಕ ಇಂಗ್ಲಿಷಿನಲ್ಲೇ ನಡೆಯುತ್ತದೆ. ಒಂದು ಪುಟದ ಸರಳ, ತಪ್ಪಿಲ್ಲದ ಇಂಗ್ಲಿಷ್ ಬರೆಯುವಷ್ಟು ಕಲಿಯಲೇಬೇಕು, ವರ್ಷವೊಂದರ ಅಭ್ಯಾಸಕ್ಕೆ ಅದು ಬರುತ್ತದೆ.

ಆದರೆ ಕನ್ನಡ ನಿಮ್ಮ ಕೈಯಲ್ಲಿರುವ ದೊಡ್ಡ ಬಂಡವಾಳ. 2023ರಲ್ಲಿ ವಿಶ್ವ ಪರಂಪರೆ ಪಟ್ಟಿ ಸೇರಿದ ಬೇಲೂರು, ಹಳೇಬೀಡು, ಸೋಮನಾಥಪುರಗಳಲ್ಲಿ ಶಿಲ್ಪಿಗಳು ತಮ್ಮ ಹೆಸರನ್ನು ಕಲ್ಲಿನಲ್ಲಿ ಬರೆದಿದ್ದಾರೆ: ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಸೋಮನಾಥಪುರದ ಮಲ್ಲಿತಮ್ಮ. ಇಷ್ಟೊಂದು ಶಿಲ್ಪಿಗಳ ಹೆಸರು ಸಿಗುವುದು ಭಾರತದ ಮಧ್ಯಯುಗದ ಕಲೆಯಲ್ಲಿ ಅಪರೂಪ. ಹಳಗನ್ನಡ ಲಿಪಿ ಓದಬಲ್ಲ ಕಲಾ ಇತಿಹಾಸಕಾರ ಪೀಠದ ಬರಹ ನೋಡಿ ಯಾರ ಕೆಲಸ ಎಂದು ತಾನೇ ಹೇಳಬಲ್ಲ, ಉಳಿದವರು ಅನುವಾದಕ್ಕೆ ಕಾಯಬೇಕು. ಕಲಾವಿದರ ಮನೆಯ ಪತ್ರ, ಡೈರಿ, ಹಳೆಯ ಕನ್ನಡ ಪತ್ರಿಕೆಗಳ ವಿಮರ್ಶೆ ಇವೆಲ್ಲವೂ ಹಾಗೆಯೇ. ಬೆಂಗಳೂರಿನ ಮ್ಯೂಸಿಯಂಗಳಿಗೆ ಕನ್ನಡ ಲೇಬಲ್, ಕನ್ನಡ ಆಡಿಯೊ ವಿವರಣೆ ಬೇಕು. ಚೆನ್ನಾಗಿ ಬರೆಯುವವರು ಸಾಲುತ್ತಿಲ್ಲ.

ಬರೆದು ಬದುಕಬಹುದೇ? ಲೇಖನದಲ್ಲಿ ಚಿತ್ರ ಬಳಸಲು ಅನುಮತಿ ಬೇಕೇ?

ಬರೆಯುವುದೊಂದರಿಂದಲೇ ಬದುಕುವುದು ಕಷ್ಟ. ಸಂಪಾದನೆ, ಅನುವಾದ, ಕ್ಯಾಟಲಾಗ್ ಬರಹ, ಪಾಠ ಇವುಗಳ ಜೊತೆ ಸೇರಿದರೆ ಆಗುತ್ತದೆ. ಒಪ್ಪಿಕೊಳ್ಳುವ ಮೊದಲೇ ಪದಗಳ ಸಂಖ್ಯೆ, ಎಷ್ಟು ಸಲ ತಿದ್ದಿಕೊಡಬೇಕು, ಹಣ ಯಾವ ದಿನ ಬರುತ್ತದೆ ಎಂಬ ಮೂರನ್ನೂ ಮೇಲ್‌ನಲ್ಲಿ ಬರೆಸಿಕೊಳ್ಳಿ.

ಚಿತ್ರದ ಒಡೆಯ ಬೇರೆ, ಕೃತಿಸ್ವಾಮ್ಯದ ಒಡೆಯ ಬೇರೆ. ಚಿತ್ರ ಕೊಂಡವರ ಅನುಮತಿ ಸಿಕ್ಕಿತೆಂದು ಅಚ್ಚು ಹಾಕಿಬಿಟ್ಟರೆ ಕಲಾವಿದರ ವಾರಸುದಾರರು ಕೇಳಬಹುದು. ಕಲಾವಿದರು ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷ ಹಕ್ಕು ಇರುತ್ತದೆ. 1906ರಲ್ಲಿ ತೀರಿಕೊಂಡ ರವಿವರ್ಮನ ಕೃತಿಗಳಿಗೆ ಅದು ಮುಗಿದಿದೆ. 1965ರಲ್ಲಿ ತೀರಿಕೊಂಡ ಕೆ. ವೆಂಕಟಪ್ಪನವರಿಗೆ 2025ರ ಕೊನೆಗೆ ಮುಗಿಯಿತು. 1996ರಲ್ಲಿ ತೀರಿಕೊಂಡ ಕೆ.ಕೆ. ಹೆಬ್ಬಾರರ ಕೃತಿಗಳಿಗೆ 2056ರವರೆಗೆ ಇದೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಿಂದ ಹಕ್ಕು ಮುಗಿದ ಕೃತಿಗಳ ಫೋಟೊಗಳನ್ನು ಯಾವ ಷರತ್ತೂ ಇಲ್ಲದೆ ಬಿಟ್ಟುಕೊಟ್ಟಿದೆ. ಭಾರತೀಯ ಶಿಲ್ಪಗಳ ಒಳ್ಳೆಯ ಚಿತ್ರಗಳು ಅಲ್ಲಿ ಸಿಗುತ್ತವೆ.

ಸಂಶೋಧನೆಗೆ ಹಣ ಎಲ್ಲಿ ಸಿಗುತ್ತದೆ?

ಬೆಂಗಳೂರಿನಲ್ಲೇ ಇರುವ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಸಂಶೋಧನೆಗೆ ಮತ್ತು ಆರ್ಕೈವ್, ಮ್ಯೂಸಿಯಂ ಯೋಜನೆಗಳಿಗೆ ಅನುದಾನ ಕೊಡುತ್ತದೆ, ಅರ್ಜಿಯನ್ನು ಭಾರತೀಯ ಭಾಷೆಗಳಲ್ಲೂ ಬರೆಯಬಹುದು. ಕೇಂದ್ರ ಸಂಸ್ಕೃತಿ ಸಚಿವಾಲಯದ ಜೂನಿಯರ್ ಫೆಲೋಶಿಪ್ 25ರಿಂದ 40 ವರ್ಷದವರಿಗೆ, ಎರಡು ವರ್ಷ ತಿಂಗಳಿಗೆ 10,000 ರೂಪಾಯಿ. ಬ್ರಿಟನ್ನಿಗೆ ಹೋಗುವವರು ಚಾರ್ಲ್ಸ್ ವ್ಯಾಲೆಸ್ ಟ್ರಸ್ಟ್, ಇನ್‌ಲ್ಯಾಕ್ಸ್, ಚೀವ್ನಿಂಗ್ ನೋಡಿ.

ಅರ್ಜಿ ಸೋಲುವುದು ವಿಷಯ ದೊಡ್ಡದಾದಾಗ. ‘ಕರ್ನಾಟಕದ ಭಿತ್ತಿಚಿತ್ರಗಳು’ ಎಂದರೆ ಯಾರೂ ಒಪ್ಪುವುದಿಲ್ಲ. ‘ತುಮಕೂರು ಹತ್ತಿರದ ಸೀಬಿ ದೇವಸ್ಥಾನದ ಭಿತ್ತಿಚಿತ್ರಗಳಲ್ಲಿ ಉಡುಪು ಮತ್ತು ಆಯುಧ’ ಎಂದರೆ ಓದುತ್ತಾರೆ. ಬಜೆಟ್ಟಿನಲ್ಲಿ ನಿಮ್ಮ ಸ್ವಂತ ಸಂಭಾವನೆಯ ಸಾಲು ಇರಲೇಬೇಕು. ಸಂಕೋಚದಿಂದ ಅದನ್ನು ಬಿಟ್ಟವರು ಆರನೇ ತಿಂಗಳಿಗೆ ಕೆಲಸ ನಿಲ್ಲಿಸಬೇಕಾಗುತ್ತದೆ.

ಸಂಬಳವಿಲ್ಲದ ಇಂಟರ್ನ್‌ಶಿಪ್ ಒಪ್ಪಬೇಕೇ?

ಆರು ವಾರ, ಏನು ಕಲಿಸುತ್ತಾರೆ ಎಂದು ಬರೆದುಕೊಟ್ಟರೆ, ಪ್ರಯಾಣದ ಖರ್ಚು ಕೊಟ್ಟರೆ ಯೋಚಿಸಬಹುದು. ಆರು ತಿಂಗಳು, ಮುಂಬೈಯಲ್ಲಿ, ಬರೀ ಕೊರಿಯರ್ ಮತ್ತು ಉದ್ಘಾಟನೆಯ ಅತಿಥಿ ಪಟ್ಟಿಗಾದರೆ ಬೇಡ. ಮನೆಯಲ್ಲಿ ಅನುಕೂಲ ಇರುವವರು ಮಾತ್ರ ಒಳಬರುವಂತೆ ಮಾಡುವ ಈ ಪದ್ಧತಿ ಕ್ಷೇತ್ರಕ್ಕೇ ನಷ್ಟ. ಬರೆದ ಲೇಬಲ್, ಕ್ಯಾಟಲಾಗುಗಳಲ್ಲಿ ನಿಮ್ಮ ಹೆಸರು ಬರುತ್ತದೆಯೇ ಎಂದು ಮೊದಲೇ ಕೇಳಿ.

ಊರು ಬಿಟ್ಟು ಹೋಗಲಾಗದು. ಯಾದಗಿರಿಯಲ್ಲೋ ಕೊಪ್ಪಳದಲ್ಲೋ ಕೂತು ಏನು ಮಾಡಬಹುದು?

ಸುರಪುರದ ಚಿತ್ರಗಳು, ಕಿನ್ನಾಳದ ಬಣ್ಣದ ಮರಗೆಲಸ ಆ ಕಡೆಯವೇ. ದಾಖಲೀಕರಣ ಶುರು ಮಾಡಿ. ಮೊದಲು ಮನೆಯವರಿಂದ ಅಥವಾ ಮಠದಿಂದ ಲಿಖಿತ ಒಪ್ಪಿಗೆ. ಪುರಾತತ್ತ್ವ ಇಲಾಖೆಯ ಸ್ಮಾರಕದಲ್ಲಿ ಟ್ರೈಪಾಡ್ ಇಡುವುದಾದರೆ ಇಲಾಖೆಯ ಅನುಮತಿ. ಫ್ಲಾಶ್ ಬೇಡ. ಪ್ರತಿ ಕೃತಿಗೆ ಪೂರ್ತಿ ಮುಂಭಾಗ, ಹಿಂಭಾಗ, ನಾಲ್ಕು ಮೂಲೆ, ಬರಹ, ಹಾನಿಯ ಜಾಗ, ಒಂದರಲ್ಲಿ ಅಳತೆಪಟ್ಟಿ ಮತ್ತು ಬಣ್ಣದ ಕಾರ್ಡ್ ಇರಲಿ. ಫೈಲಿಗೆ ಊರು, ಮನೆ ಸಂಖ್ಯೆ, ಕೃತಿ ಸಂಖ್ಯೆ, ದಿನಾಂಕ ಈ ಕ್ರಮದಲ್ಲಿ ಹೆಸರು ಕೊಡಿ. ಕ್ಯಾಮೆರಾ ಕೊಟ್ಟ ಸಂಖ್ಯೆಯಲ್ಲೇ ಬಿಟ್ಟರೆ ಎರಡು ವರ್ಷದ ಮೇಲೆ ನಿಮಗೇ ಹುಡುಕಲಾಗದು. ಮೂರು ಪ್ರತಿ ಮಾಡಿ, ಎರಡು ಬೇರೆ ಬೇರೆ ಡಿಸ್ಕಿನಲ್ಲಿ, ಒಂದು ಬೇರೆ ಊರಲ್ಲಿ ಅಥವಾ ಕ್ಲೌಡಿನಲ್ಲಿ.

ಬೆಲೆಬಾಳುವ ವಿಗ್ರಹ, ಚಿತ್ರ ಇರುವ ಮನೆಯ ವಿಳಾಸವನ್ನು ಎಲ್ಲೂ ಪ್ರಕಟಿಸಬೇಡಿ, ಫೋಟೊದೊಳಗೆ ಸೇರಿಕೊಂಡಿರುವ ಜಿಪಿಎಸ್ ಮಾಹಿತಿಯನ್ನು ಅಳಿಸಿ ಹಂಚಿಕೊಳ್ಳಿ. ಪೂರ್ತಿ ವಿವರವಿರುವ ಒಂದು ಪ್ರತಿಯನ್ನು ಮಾಲೀಕರಿಗೆ ಮುದ್ರಿಸಿ ಕೊಡಿ. ಕಳವಾದರೆ ಪೊಲೀಸರು ಮೊದಲು ಕೇಳುವುದು ಆ ಫೋಟೊವನ್ನೇ.